ಮೂವತ್ತಾರು ತಿಂಗಳ ಲೆಕ್ಕ: ಜಿಐ ಬಿಲ್ ಹಿಡಿದು ಕಲೆಗೂ ಹೋರಾಟಕ್ಕೂ ಇಳಿಯುವವರಿಗೆ

ಜಿಐ ಬಿಲ್ ಎಂದರೆ ಮಾಜಿ ಯೋಧರ ಓದಿಗೆ ಅಮೆರಿಕ ಸರ್ಕಾರ ಹಣ ಕೊಡುವ ಕಾನೂನು. ಅದರ ಖಾತೆಯಲ್ಲಿ ಡಾಲರ್ ಇರುವುದಿಲ್ಲ, ತಿಂಗಳುಗಳಿರುತ್ತವೆ. ಅಮೆರಿಕದ ಸೇನೆಯಲ್ಲಿದ್ದು ಹೊರಬಂದವರಿಗೆ ಸಿಗುವುದು 36 ತಿಂಗಳ ಓದಿನ ಹಕ್ಕು. ಸೆಮಿಸ್ಟರ್‌ಗೆ ಎರಡು ಸಾವಿರ ಡಾಲರ್ ಕೇಳುವ ಕಮ್ಯುನಿಟಿ ಕಾಲೇಜಿಗೆ ಹೋದರೂ, ಹದಿನಾಲ್ಕು ಸಾವಿರ ಕೇಳುವ ಖಾಸಗಿ ಕಲಾಶಾಲೆಗೆ ಹೋದರೂ ಖಾತೆಯಿಂದ ಕಳೆಯುವುದು ಅದೇ ನಾಲ್ಕು ತಿಂಗಳ ಆಸುಪಾಸು. ಚಿತ್ರಕಲೆ, ರಂಗಭೂಮಿ, ಸಂಗೀತ, ಸಾಕ್ಷ್ಯಚಿತ್ರ, ಸಮುದಾಯ ಸಂಘಟನೆ ಇವುಗಳಲ್ಲಿ ಮೊದಲ ಸಂಬಳ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಬಾಡಿಗೆ ಕಟ್ಟಿಕೊಡುವ ತಿಂಗಳುಗಳೇ ಬಂಡವಾಳ. ಅದನ್ನು ಎಲ್ಲಿ, ಯಾವ ಕ್ರಮದಲ್ಲಿ ಖರ್ಚು ಮಾಡಬೇಕು ಎಂಬುದೇ ಈ ಬರಹದ ವಿಷಯ. ಅಮೆರಿಕದ ಕನ್ನಡ ಮನೆಗಳಿಂದ ಸೇನೆ ಸೇರಿದವರಿಗೂ, ಗ್ರೀನ್ ಕಾರ್ಡ್ ಹಿಡಿದು ಸೇರಿದವರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ.

ಈ ದಾರಿ ಹೊಸದೇನಲ್ಲ. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಮೂಲ ಕಾನೂನು ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕವನ್ನೂ, ಒಂಟಿ ವಿದ್ಯಾರ್ಥಿಗೆ ತಿಂಗಳಿಗೆ 50 ಡಾಲರ್ ಜೀವನ ವೆಚ್ಚವನ್ನೂ ಕೊಡುತ್ತಿತ್ತು. ನೌಕಾಪಡೆಯಿಂದ ಬಂದ ಹ್ಯಾರಿ ಬೆಲಾಫಾಂಟೆ ಆ ಹಣದಲ್ಲಿ ನ್ಯೂಯಾರ್ಕಿನ ನ್ಯೂ ಸ್ಕೂಲ್‌ನ ನಾಟಕ ಕಾರ್ಯಾಗಾರ ಸೇರಿ, ಜರ್ಮನಿಯಿಂದ ಬಂದಿದ್ದ ನಿರ್ದೇಶಕ ಎರ್ವಿನ್ ಪಿಸ್ಕಾಟರ್ ಬಳಿ ಕಲಿತರು. ಮುಂದೆ ಹಾಡುಗಾರರಾಗಿ ಗಳಿಸಿದ್ದನ್ನು ನಾಗರಿಕ ಹಕ್ಕುಗಳ ಚಳವಳಿಗೆ ಸುರಿದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೈಲಿಗೆ ಹೋದವರ ಜಾಮೀನಿಗೆ ಹಣ ಹೊಂದಿಸಿದವರಲ್ಲಿ ಅವರೂ ಒಬ್ಬರು. 1964ರಲ್ಲಿ ನಟ ಸಿಡ್ನಿ ಪಾಟಿಯೆ ಜೊತೆ 70,000 ಡಾಲರ್ ನಗದನ್ನು ಚೀಲದಲ್ಲಿ ಹೊತ್ತು ಮಿಸಿಸಿಪ್ಪಿಯ ಗ್ರೀನ್‌ವುಡ್‌ಗೆ ಹೋದರು. ವರ್ಣಚಿತ್ರಕಾರ ಎಲ್ಸ್‌ವರ್ತ್ ಕೆಲ್ಲಿ ಬಾಸ್ಟನ್‌ನಲ್ಲೂ ಆಮೇಲೆ ಪ್ಯಾರಿಸ್‌ನಲ್ಲೂ, ಕವಿ ಲಾರೆನ್ಸ್ ಫರ್ಲಿಂಗೆಟಿ ಕೊಲಂಬಿಯಾದಲ್ಲೂ ಸೋರ್ಬಾನ್‌ನಲ್ಲೂ ಇದೇ ಸೌಲಭ್ಯದಲ್ಲಿ ಓದಿದರು. ಫರ್ಲಿಂಗೆಟಿ 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕದಂಗಡಿ ತೆರೆದು, 1957ರಲ್ಲಿ ತಾವು ಪ್ರಕಟಿಸಿದ ಕವಿತೆಗಾಗಿ ಕಟಕಟೆ ಹತ್ತಿ ಗೆದ್ದರು. ಮೆಡ್ಗರ್ ಎವರ್ಸ್ ಮಿಸಿಸಿಪ್ಪಿಯ ಆಲ್ಕಾರ್ನ್ ಕಾಲೇಜಿನಲ್ಲಿ ಓದಿ 1954ರಲ್ಲಿ ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಸಂಘಟನೆಯಾದ ಎನ್‌ಎಎಸಿಪಿಯ ಕ್ಷೇತ್ರ ಕಾರ್ಯದರ್ಶಿಯಾದರು. ಆದರೆ ಹಣ ಹಂಚುವ, ಪ್ರವೇಶ ಕೊಡುವ ಅಧಿಕಾರ ಸ್ಥಳೀಯರ ಕೈಯಲ್ಲಿದ್ದುದರಿಂದ ದಕ್ಷಿಣದ ಕಪ್ಪು ಯೋಧರಲ್ಲಿ ಅಸಂಖ್ಯ ಮಂದಿಗೆ ವಿಶ್ವವಿದ್ಯಾಲಯದ ಬಾಗಿಲೇ ತೆರೆಯಲಿಲ್ಲ. ಆ ಅನ್ಯಾಯವನ್ನು ಬದಿಗಿಟ್ಟು ಈ ಕಾನೂನನ್ನು ಹೊಗಳುವುದು ಸರಿಯಲ್ಲ.

ಮೊದಲು: ನಿಮ್ಮ ಪಾಲು ಎಷ್ಟು

ಇಂದು ಹೆಚ್ಚಿನವರಿಗೆ ಸಲ್ಲುವುದು ಅಧ್ಯಾಯ 33, ಅಂದರೆ 2009ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಪೋಸ್ಟ್-9/11 ಜಿಐ ಬಿಲ್. 2001ರ ಸೆಪ್ಟೆಂಬರ್ 10ರ ನಂತರದ ಸಕ್ರಿಯ ಸೇವೆ ಎಷ್ಟು ಎಂಬುದರ ಮೇಲೆ ಶೇಕಡಾವಾರು ನಿಗದಿಯಾಗುತ್ತದೆ. 36 ತಿಂಗಳು ಪೂರೈಸಿದ್ದರೆ ಶೇ 100. 30 ದಾಟಿದ್ದರೆ ಶೇ 90. 24ಕ್ಕೆ ಶೇ 80. 18ಕ್ಕೆ ಶೇ 70. ಆರು ತಿಂಗಳಿಗೆ ಶೇ 60. 90 ದಿನಕ್ಕೆ ಶೇ 50. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಪಡೆದವರಿಗೂ, ಸತತ 30 ದಿನ ಸೇವೆಯ ಬಳಿಕ ಸೇವಾಸಂಬಂಧಿ ಅಂಗವೈಕಲ್ಯದಿಂದ ಬಿಡುಗಡೆಯಾದವರಿಗೂ ನೇರವಾಗಿ ಶೇ 100.

ಡಿಡಿ-214 ಎಂಬ ಬಿಡುಗಡೆ ಪತ್ರವನ್ನು ತೆಗೆದು ಎರಡು ವಿಷಯ ನೋಡಿಕೊಳ್ಳಿ. ಒಂದು, ಬಿಡುಗಡೆಯ ಸ್ವರೂಪ. ‘ಆನರಬಲ್’ ಎಂದೇ ಇರಬೇಕು. ‘ಜನರಲ್, ಅಂಡರ್ ಆನರಬಲ್ ಕಂಡಿಷನ್ಸ್’ ಎಂದಿದ್ದರೆ ಆ ಸೇವಾವಧಿಗೆ ಆಸ್ಪತ್ರೆ ಸೌಲಭ್ಯ ಸಿಕ್ಕೀತು, ಜಿಐ ಬಿಲ್ ಸಿಗದು. ಓದಿದವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಎರಡರಲ್ಲೂ ‘ಆನರಬಲ್’ ಎಂಬ ಪದವಿದೆ. ದರ್ಜೆ ಬದಲಿಸಲು ಆಯಾ ಪಡೆಯ ಬಿಡುಗಡೆ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು. ಅದು ತಿಂಗಳುಗಟ್ಟಲೆ ಹಿಡಿಯುವುದರಿಂದ ಕಾಲೇಜು ಹುಡುಕುವ ಮೊದಲೇ ಆರಂಭಿಸಿ. ಎರಡು, ಬಿಡುಗಡೆಯ ದಿನಾಂಕ. 2013ರ ಜನವರಿ 1 ಅಥವಾ ಆನಂತರವಾದರೆ ಸೌಲಭ್ಯಕ್ಕೆ ಕೊನೆಯ ದಿನವೇ ಇಲ್ಲ. ಅದಕ್ಕೂ ಮೊದಲಾದರೆ 15 ವರ್ಷದ ಗಡುವಿದೆ.

ಹಳೆಯ ಮಾಂಟ್ಗೊಮರಿ ಜಿಐ ಬಿಲ್‌ಗೆ 1,200 ಡಾಲರ್ ಕಟ್ಟಿ, ಎರಡು ಬೇರೆ ಬೇರೆ ಅವಧಿಯಲ್ಲಿ ಸೇವೆ ಮಾಡಿದವರು ‘ಇದ್ದದ್ದು ಮುಗಿಯಿತು’ ಎಂದುಕೊಂಡಿದ್ದರೆ ಮತ್ತೆ ವಿಚಾರಿಸಬೇಕು. 2024ರ ಏಪ್ರಿಲ್‌ನಲ್ಲಿ ರುಡಿಸಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎರಡೂ ಯೋಜನೆಗಳಿಗೆ ಪ್ರತ್ಯೇಕವಾಗಿ ಅರ್ಹತೆ ಗಳಿಸಿದವರು ಒಟ್ಟು 48 ತಿಂಗಳವರೆಗೆ ಬಳಸಬಹುದು ಎಂದು ಹೇಳಿದೆ. ಉಳಿಯುವ ಆ 12 ತಿಂಗಳು ಒಂದು ಸ್ನಾತಕೋತ್ತರ ಪದವಿಯ ದೊಡ್ಡ ಭಾಗಕ್ಕೆ ಸಾಕು.

ಇನ್ನೂ ಸಮವಸ್ತ್ರದಲ್ಲೇ ಇರುವವರಿಗೆ ಎರಡು ಕೆಲಸಗಳಿವೆ. ಸೇನೆಯ ಟ್ಯೂಷನ್ ಅಸಿಸ್ಟೆನ್ಸ್ ಎಂಬ ಶುಲ್ಕ ನೆರವು ಕ್ರೆಡಿಟ್‌ಗೆ 250 ಡಾಲರ್‌ವರೆಗೆ ಕೊಡುತ್ತದೆ. ಪದವಿಗೆ ಕಡ್ಡಾಯವಾದ ಗಣಿತ, ಇತಿಹಾಸ, ಇಂಗ್ಲಿಷ್ ತರಗತಿಗಳನ್ನು ಅದರಲ್ಲೇ ಮುಗಿಸಿದರೆ ಜಿಐ ಬಿಲ್‌ನ ತಿಂಗಳುಗಳು ಸ್ಟುಡಿಯೋ ತರಗತಿಗೆ ಉಳಿಯುತ್ತವೆ. ಹಕ್ಕನ್ನು ಪತಿಗೋ ಪತ್ನಿಗೋ ಮಕ್ಕಳಿಗೋ ವರ್ಗಾಯಿಸುವ ಆಲೋಚನೆಯಿದ್ದರೆ ಆರು ವರ್ಷ ಸೇವೆಯಾಗಿರಬೇಕು, ಇನ್ನೂ ನಾಲ್ಕು ವರ್ಷಕ್ಕೆ ಒಪ್ಪಿಕೊಳ್ಳಬೇಕು, ಅರ್ಜಿಯನ್ನು ಸೇವೆಯಲ್ಲಿರುವಾಗಲೇ ಹಾಕಬೇಕು. ಹೊರಬಂದ ಮೇಲೆ ಆ ಬಾಗಿಲು ಮುಚ್ಚಿತು.

ಅಂಗವೈಕಲ್ಯದ ರೇಟಿಂಗ್ ಇದ್ದರೆ ಅಧ್ಯಾಯ 31 ಮೊದಲು

ಸೇವಾಸಂಬಂಧಿ ಅಂಗವೈಕಲ್ಯದ ರೇಟಿಂಗ್ ಕನಿಷ್ಠ ಶೇ 10 ಇದ್ದು, ಅದು ಉದ್ಯೋಗಕ್ಕೆ ಅಡ್ಡಿಯಾಗುತ್ತಿದ್ದರೆ ಅಧ್ಯಾಯ 33ನ್ನು ಮುಟ್ಟುವ ಮೊದಲು ಅಧ್ಯಾಯ 31ಕ್ಕೆ, ಅಂದರೆ ಉದ್ಯೋಗ ಪುನರ್ವಸತಿ ಯೋಜನೆಗೆ ಅರ್ಜಿ ಹಾಕಿ. ಕಲಾ ವಿದ್ಯಾರ್ಥಿಗೆ ಇದರ ಲಾಭ ದೊಡ್ಡದು: ಖಾಸಗಿ ಶಾಲೆಯ ಶುಲ್ಕಕ್ಕೆ ಅಧ್ಯಾಯ 33ರಲ್ಲಿರುವ ವಾರ್ಷಿಕ ಮಿತಿ ಇಲ್ಲಿಲ್ಲ, ಕೋರ್ಸಿಗೆ ಅಗತ್ಯವಾದ ಪರಿಕರಗಳ ಖರ್ಚೂ ಸಿಗುತ್ತದೆ. ಬಣ್ಣ, ಕ್ಯಾನ್ವಾಸ್, ಕ್ಯಾಮೆರಾ ಇತ್ಯಾದಿಗಳನ್ನು ಎಲ್ಲ ವಿದ್ಯಾರ್ಥಿಗಳೂ ತರಲೇಬೇಕು ಎಂದು ಕೋರ್ಸಿನ ಸಿಲಬಸ್‌ನಲ್ಲಿ ಬರೆದಿರಬೇಕು. ಆ ಪುಟವನ್ನೇ ಅರ್ಜಿಗೆ ಲಗತ್ತಿಸಿ. ಅಧ್ಯಾಯ 33ರ ಹಕ್ಕು ಒಂದೇ ಒಂದು ದಿನ ಉಳಿದಿದ್ದರೂ ಅದರ ಹೆಚ್ಚಿನ ವಸತಿ ಭತ್ಯೆಯ ದರವನ್ನು ಅಧ್ಯಾಯ 31ರಲ್ಲಿ ಆರಿಸಿಕೊಳ್ಳಬಹುದು. ಈ ಕ್ರಮವನ್ನು ತಿರುವುಮುರುವು ಮಾಡಿ ಅಧ್ಯಾಯ 33ನ್ನು ಮೊದಲೇ ಪೂರ್ತಿ ಮುಗಿಸಿದವರು ಆ ಲಾಭವನ್ನು ಕಳೆದುಕೊಳ್ಳುತ್ತಾರೆ.

ಕಷ್ಟವಿರುವುದು ಸಲಹೆಗಾರರ ಒಪ್ಪಿಗೆಯಲ್ಲಿ. ‘ನನಗೆ ಚಿತ್ರ ಬಿಡಿಸುವುದೆಂದರೆ ಪ್ರೀತಿ’ ಎಂದು ಹೋದರೆ ಅರ್ಜಿ ಬಿದ್ದುಹೋಗುತ್ತದೆ. ಈ ಯೋಜನೆಯ ಗುರಿ ಉದ್ಯೋಗ. ಆದ್ದರಿಂದ ಹುದ್ದೆಯ ಹೆಸರು ಹೇಳಿ: ಶಾಲಾ ಚಿತ್ರಕಲಾ ಶಿಕ್ಷಕ, ಕಲಾ ಚಿಕಿತ್ಸಕ, ವಸ್ತುಸಂಗ್ರಹಾಲಯದ ಪ್ರದರ್ಶನ ವಿನ್ಯಾಸಕ, ವಿಡಿಯೋ ಸಂಕಲನಕಾರ. ನಿಮ್ಮ ಊರಿನಲ್ಲಿ ಆ ಹುದ್ದೆಗೆ ಪ್ರಕಟವಾದ ಐದಾರು ಜಾಹೀರಾತು, ಕೇಳುವ ಅರ್ಹತೆ, ಕೊಡುವ ಸಂಬಳ, ನಿಮ್ಮ ದೇಹಸ್ಥಿತಿಗೆ ಆ ಕೆಲಸ ಹೊಂದುವ ಬಗೆ ಇವಿಷ್ಟನ್ನು ಎರಡು ಪುಟದಲ್ಲಿ ಬರೆದುಕೊಂಡು ಹೋಗಿ. ಬೆನ್ನು ನೋವಿರುವವರು ದೊಡ್ಡ ಶಿಲ್ಪದ ಕೆಲಸ ಕೇಳಿದರೆ ಒಪ್ಪಿಗೆ ಸಿಗುವುದಿಲ್ಲ, ಸಂಕಲನ ಕೇಳಿದರೆ ಸಿಗಬಹುದು.

ಯಾವುದಕ್ಕೆ ಹಣ ಬರುತ್ತದೆ, ಯಾವುದಕ್ಕೆ ಇಲ್ಲ

ಕಲೆಯ ದಾರಿ ಹಿಡಿದವರು ಅತಿ ಹೆಚ್ಚು ಕೈ ಸುಟ್ಟುಕೊಳ್ಳುವುದು ಇಲ್ಲಿ. ಹವ್ಯಾಸ ಅಥವಾ ಮನರಂಜನೆಯ ಸ್ವರೂಪದ ಕೋರ್ಸುಗಳಿಗೆ ವಿಎ (ಮಾಜಿ ಯೋಧರ ಇಲಾಖೆ) ಹಣ ಕೊಡುವಂತಿಲ್ಲ. ನಿಯಮಾವಳಿ ಹೆಸರಿಸಿಯೇ ಹೇಳುತ್ತದೆ: ಫೋಟೊಗ್ರಫಿ, ಗಾಯನ, ವಾದ್ಯ, ನೃತ್ಯ, ಭಾಷಣ ಕಲೆ. ವಾರಾಂತ್ಯದ ಫೋಟೊಗ್ರಫಿ ಶಿಬಿರಕ್ಕೋ ಖಾಸಗಿ ಪಿಯಾನೋ ಪಾಠಕ್ಕೋ ಹಣ ಬರದಿರುವುದು ಇದರಿಂದ. ಅದೇ ಸಂಗೀತ ಅಥವಾ ಭಾಷಣ ಕಲೆ ಮಾನ್ಯತೆ ಪಡೆದ ಕಾಲೇಜಿನ ಪದವಿಯ ಭಾಗವಾಗಿ ಕ್ರೆಡಿಟ್‌ಸಹಿತ ಇದ್ದರೆ ಅಡ್ಡಿಯಿಲ್ಲ. ಪದವಿಯಲ್ಲದ ಕೋರ್ಸೇ ಬೇಕೆಂದರೆ, ಅದು ಈಗಿನ ಅಥವಾ ಮುಂದಿನ ವೃತ್ತಿಗೆ ನಿಜಕ್ಕೂ ಬೇಕು ಎಂದು ನೀವೇ ರುಜುವಾತು ಮಾಡಬೇಕು. ಸುಲಭದ ದಾರಿ ಪದವಿ ಕೋರ್ಸೇ.

ಕರ್ನಾಟಕ ಸಂಗೀತವನ್ನೋ ಯಕ್ಷಗಾನವನ್ನೋ ಕಲಿಯಲು ಊರಿಗೆ ಮರಳುವ ಕನಸಿರುವವರಿಗೂ ಇದೇ ತೊಡಕು. ಗುರುಗಳ ಮನೆಯ ಪಾಠ, ಕಲಾಕೇಂದ್ರದ ಸರ್ಟಿಫಿಕೇಟ್ ಎಷ್ಟೇ ಶ್ರೇಷ್ಠವಾಗಿರಲಿ, ವಿದೇಶದಲ್ಲಿ ವಿಎ ಒಪ್ಪುವುದು ತಾನು ಅನುಮೋದಿಸಿದ ಉನ್ನತ ಶಿಕ್ಷಣ ಸಂಸ್ಥೆಯ ಪದವಿಯನ್ನು ಮಾತ್ರ. ವಿಮಾನದ ಟಿಕೆಟ್ ತೆಗೆಯುವ ಮೊದಲು ವಿಎ ಜಾಲತಾಣದ ‘ಜಿಐ ಬಿಲ್ ಕಂಪ್ಯಾರಿಸನ್ ಟೂಲ್’ನಲ್ಲಿ ಆ ಸಂಸ್ಥೆಯ ಹೆಸರನ್ನು ಹುಡುಕಿ. ಅಲ್ಲಿಲ್ಲದಿದ್ದರೆ ಅಮೆರಿಕದಲ್ಲೇ ಜನಾಂಗೀಯ ಸಂಗೀತಶಾಸ್ತ್ರದ ಪದವಿಗೆ ಸೇರಿ, ಬೇಸಿಗೆ ರಜೆಯಲ್ಲಿ ಗುರುಗಳ ಬಳಿಗೆ ಹೋಗುವುದು ನಡೆಯುವ ಮಾತು.

ಇನ್ನೊಂದು ದಾರಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಅನುಮೋದಿತ ಅಪ್ರೆಂಟಿಸ್‌ಶಿಪ್. ರಂಗಸಜ್ಜಿಕೆ, ಬೆಳಕು, ಮರಗೆಲಸ ಇಂಥ ಕಸುಬನ್ನು ಸಂಬಳದ ಜೊತೆಗೆ ಕಲಿಯುವಾಗ ವಸತಿ ಭತ್ಯೆಯೂ ಬರುತ್ತದೆ. ಮೊದಲ ಆರು ತಿಂಗಳು ಪೂರ್ತಿ, ಮುಂದಿನ ಆರಕ್ಕೆ ಶೇ 80, ಆಮೇಲೆ 60, 40, ಕೊನೆಗೆ 20. ಸಂಬಳ ಏರಿದಂತೆ ಭತ್ಯೆ ಇಳಿಯುತ್ತದೆ ಎಂಬ ಲೆಕ್ಕಾಚಾರ ಇದು. ಸ್ಥಳೀಯ ಕಾರ್ಮಿಕ ಸಂಘದ ತರಬೇತಿಗೆ ನಿಮ್ಮ ರಾಜ್ಯದ ಅನುಮೋದನಾ ಸಂಸ್ಥೆಯ ಒಪ್ಪಿಗೆ ಇದೆಯೇ ಎಂದು ಮೊದಲು ಕೇಳಿ.

ಶಾಲೆ ಆರಿಸುವಾಗಿನ ಗಣಿತ

ಸರ್ಕಾರಿ ವಿಶ್ವವಿದ್ಯಾಲಯವಾದರೆ ಶೇ 100 ಇರುವವರಿಗೆ ಆ ರಾಜ್ಯದವರು ಕಟ್ಟುವ ಶುಲ್ಕ ಪೂರ್ತಿ ಸಲ್ಲುತ್ತದೆ. ಖಾಸಗಿಗೂ ವಿದೇಶಕ್ಕೂ ವಾರ್ಷಿಕ ಮಿತಿಯಿದೆ. 2025-26ರಲ್ಲಿ ಅದು 29,920.95 ಡಾಲರ್. ದರಗಳು ಪ್ರತಿ ಆಗಸ್ಟ್ 1ಕ್ಕೆ ಬದಲಾಗುತ್ತವೆ. ಹೆಸರಾಂತ ಕಲಾಶಾಲೆಗಳ ಶುಲ್ಕ ಇದನ್ನು ಎಷ್ಟೋ ಮೀರುತ್ತದೆ. ಆ ಅಂತರವನ್ನು ತುಂಬಲು ಯೆಲ್ಲೋ ರಿಬ್ಬನ್ ಯೋಜನೆಯಿದೆ: ಶಾಲೆ ಎಷ್ಟು ಬಿಟ್ಟುಕೊಡುತ್ತದೋ ಅಷ್ಟನ್ನೇ ವಿಎ ಸೇರಿಸುತ್ತದೆ. ಯೋಧರಿಗೆ ಇದು ಸಿಗಲು ಶೇ 100ರ ಅರ್ಹತೆ ಬೇಕು. ಆದರೆ ಎಷ್ಟು ಜನರಿಗೆ, ಎಷ್ಟು ಮೊತ್ತ, ಯಾವ ವಿಭಾಗಕ್ಕೆ ಎಂಬುದನ್ನು ಶಾಲೆಯೇ ನಿರ್ಧರಿಸುತ್ತದೆ. ಪದವಿಗೆ ಪೂರ್ತಿ ಕೊಟ್ಟು ಸ್ನಾತಕೋತ್ತರಕ್ಕೆ ಒಂದೆರಡು ಸಾವಿರವಷ್ಟೇ ಕೊಡುವ ಶಾಲೆಗಳಿವೆ. ‘ನಿಮ್ಮಲ್ಲಿ ಯೆಲ್ಲೋ ರಿಬ್ಬನ್ ಇದೆಯೇ’ ಎಂದಷ್ಟೇ ಕೇಳಬೇಡಿ. ‘ಈ ವಿಭಾಗದಲ್ಲಿ, ಈ ವರ್ಷ, ಎಷ್ಟು ಸ್ಥಾನ, ತಲಾ ಎಷ್ಟು ಡಾಲರ್’ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ವಸತಿ ಭತ್ಯೆ ನಿಮ್ಮ ಮನೆಯ ವಿಳಾಸದ ಮೇಲೆ ನಿಂತಿಲ್ಲ. ನೀವು ಹೆಚ್ಚು ತರಗತಿಗಳಿಗೆ ಹೋಗುವ ಕ್ಯಾಂಪಸ್ಸಿನ ಜಿಪ್ ಕೋಡ್‌ನಲ್ಲಿ, ಅವಲಂಬಿತರಿರುವ ಇ-5 ದರ್ಜೆಯ ಸೈನಿಕನಿಗೆ ಸಿಗುವ ಮೊತ್ತವದು. ನಿಮಗೆ ಮಕ್ಕಳಿದ್ದರೂ ಇಲ್ಲದಿದ್ದರೂ ಅಷ್ಟೇ. ದುಬಾರಿ ನಗರದ ಕ್ಯಾಂಪಸ್ಸಿಗೆ ರೈಲಿನಲ್ಲಿ ಓಡಾಡಿಕೊಂಡು ಹೊರವಲಯದಲ್ಲಿ ಬಾಡಿಗೆಗಿದ್ದರೆ ಉಳಿದ ಹಣ ಸ್ಟುಡಿಯೋ ಬಾಡಿಗೆಯಾಗುತ್ತದೆ. ಎಲ್ಲ ತರಗತಿಗಳೂ ಆನ್‌ಲೈನ್ ಆದರೆ ಮಾತ್ರ ರಾಷ್ಟ್ರೀಯ ಸರಾಸರಿಯ ಅರ್ಧ. ಹಾಗಾಗಿ ಪ್ರತಿ ಸೆಮಿಸ್ಟರ್‌ನಲ್ಲಿ ಒಂದಾದರೂ ತರಗತಿಗೆ ಕ್ಯಾಂಪಸ್ಸಿಗೆ ಹೋಗಿ ಕೂರಿ. ಬರವಣಿಗೆಯ ಎಂಎಫ್‌ಎಗಳಲ್ಲಿ (ಕಲೆಯ ಸ್ನಾತಕೋತ್ತರ ಪದವಿ) ವರ್ಷದಲ್ಲಿ ಕೆಲವೇ ದಿನ ಕ್ಯಾಂಪಸ್ಸಿಗೆ ಕರೆಯುವ ಬಗೆಯಿದೆಯಲ್ಲ, ಅಂಥವನ್ನು ವಿಎಗೆ ಆನ್‌ಲೈನ್ ಎಂದು ವರದಿ ಮಾಡುತ್ತಾರೋ ತರಗತಿ ಎಂದೋ ಎಂದು ಸೇರುವ ಮೊದಲೇ ತಿಳಿದುಕೊಳ್ಳಿ. ಮನೆ ಖರ್ಚು ನಡೆಯುವುದೂ ನಿಲ್ಲುವುದೂ ಆ ಒಂದು ಉತ್ತರದಿಂದ.

ಭತ್ಯೆ ಸಿಗಲು ಓದಿನ ಪ್ರಮಾಣ ಅರ್ಧಕ್ಕಿಂತ ಹೆಚ್ಚಿರಬೇಕು. 12 ಕ್ರೆಡಿಟ್ ಪೂರ್ಣಾವಧಿ ಎನ್ನುವ ಕಾಲೇಜಿನಲ್ಲಿ ತಲಾ ಮೂರು ಕ್ರೆಡಿಟ್‌ನ ಎರಡು ಸ್ಟುಡಿಯೋ ತರಗತಿ ತೆಗೆದುಕೊಂಡರೆ ಸರಿಯಾಗಿ ಶೇ 50, ಭತ್ಯೆ ಸೊನ್ನೆ. ಸ್ಟುಡಿಯೋ ತರಗತಿ ವಾರಕ್ಕೆ ಆರು ಗಂಟೆ ನುಂಗುವುದರಿಂದ ‘ಎರಡೇ ಸಾಕು’ ಅನ್ನಿಸುತ್ತದೆ, ಅಲ್ಲೇ ಎಡವಟ್ಟಾಗುವುದು. ಅದೇ ಪದವಿಗೆ ಸಲ್ಲುವ ಒಂದು ಕ್ರೆಡಿಟ್ ಸೇರಿಸಿ ಏಳಾಗಿಸಿದರೆ ಶೇ 58. ಅದನ್ನು 60ಕ್ಕೆ ಏರಿಸಿ ಭತ್ಯೆ ಕೊಡುತ್ತಾರೆ.

ಪುಸ್ತಕ ಮತ್ತು ಸಾಮಗ್ರಿಗೆ ವರ್ಷಕ್ಕೆ ಗರಿಷ್ಠ 1,000 ಡಾಲರ್, ಕ್ರೆಡಿಟ್‌ಗೆ 41.67ರಂತೆ. ತೈಲವರ್ಣದ ವಿದ್ಯಾರ್ಥಿಗೆ ಇದು ಮೊದಲ ಸೆಮಿಸ್ಟರ್‌ಗೂ ಸಾಲದು. ಆದರೆ ಎಲ್ಲರೂ ಕಟ್ಟಲೇಬೇಕಾದ ಶುಲ್ಕಗಳನ್ನು ವಿಎ ಭರಿಸುತ್ತದೆ. ಆದ್ದರಿಂದ ಮುದ್ರಣಾಲಯ, ಕುಲುಮೆ, ಡಾರ್ಕ್‌ರೂಮ್, ಸಾಮಗ್ರಿ ಇವನ್ನೆಲ್ಲ ‘ಲ್ಯಾಬ್ ಶುಲ್ಕ’ವೆಂದು ಬಿಲ್ಲಿನಲ್ಲೇ ಹಾಕುವ ಶಾಲೆ, ‘ನೀವೇ ಅಂಗಡಿಯಿಂದ ತನ್ನಿ’ ಎನ್ನುವ ಶಾಲೆಗಿಂತ ನಿಮಗೆ ಅಗ್ಗ, ಬಿಲ್ಲು ದೊಡ್ಡದಾಗಿ ಕಂಡರೂ ಸಹ.

ಇವೆಲ್ಲದರ ಮೇಲೆ ಫಾಫ್ಸಾ ಎಂಬ ಸರ್ಕಾರಿ ವಿದ್ಯಾರ್ಥಿ ನೆರವಿನ ಅರ್ಜಿ ಹಾಕುವುದನ್ನು ಬಿಡಬೇಡಿ. ಮಾಜಿ ಯೋಧರನ್ನು ಸ್ವತಂತ್ರ ವಿದ್ಯಾರ್ಥಿಯೆಂದು ಪರಿಗಣಿಸುವುದರಿಂದ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕಿಲ್ಲ. ಪದವಿ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ಎಂಬ ಸರ್ಕಾರಿ ಸಹಾಯಧನ 2025-26ರಲ್ಲಿ 7,395 ಡಾಲರ್‌ವರೆಗೆ ಇದೆ, ಜಿಐ ಬಿಲ್ ಜೊತೆಗೇ ಪಡೆಯಬಹುದು. ಮೊದಲಿಗೆ ಹೇಳಿದ ತಿಂಗಳ ಲೆಕ್ಕ ಇಲ್ಲಿ ಕೈ ಹಿಡಿಯುತ್ತದೆ. ಕಮ್ಯುನಿಟಿ ಕಾಲೇಜಿನ ಅಗ್ಗದ ಸೆಮಿಸ್ಟರ್‌ಗಳನ್ನು ಪೆಲ್ ಹಣದಲ್ಲಿ, ಒಂದಿಷ್ಟು ದುಡಿದುಕೊಂಡು ಮುಗಿಸಿ, ಜಿಐ ಬಿಲ್ ಅನ್ನು ದುಬಾರಿ ವರ್ಷಗಳಿಗೆ ಕಾದಿಡಿ. ಯಾವ ಸೆಮಿಸ್ಟರ್‌ಗೆ ವಿಎ ಹಕ್ಕು ಬಳಸಬೇಕು ಎಂಬುದು ನಿಮ್ಮ ಆಯ್ಕೆ.

ಅರ್ಜಿ, ಮತ್ತು ತರಗತಿ ಶುರುವಾದ ಮೇಲೆ

ವಿಎ ಜಾಲತಾಣದಲ್ಲಿ 22-1990 ನಮೂನೆ ತುಂಬಿ. ವರ್ಗಾವಣೆ ಪಡೆದ ಕುಟುಂಬದವರಿಗೆ 22-1990ಇ. ಅರ್ಹತಾ ಪತ್ರ ಬರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ, ಕಾಲೇಜಿನ ಪ್ರವೇಶಕ್ಕೆ ಕಾಯಬೇಕಾಗಿಲ್ಲ. ಕಲಾಶಾಲೆಗಳು 12ರಿಂದ 20 ಕೃತಿಗಳ ಪೋರ್ಟ್‌ಫೋಲಿಯೋ ಕೇಳುವುದು ಸಾಮಾನ್ಯ, ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್-ಜನವರಿಯ ಆಸುಪಾಸು. ಆದ್ದರಿಂದ ಸೆಪ್ಟೆಂಬರ್‌ನಲ್ಲಿ ಅರ್ಹತಾ ಪತ್ರ, ಅಕ್ಟೋಬರ್‌ನಲ್ಲಿ ಯೆಲ್ಲೋ ರಿಬ್ಬನ್ ವಿಚಾರಣೆ, ನವೆಂಬರ್‌ನಲ್ಲಿ ಪೋರ್ಟ್‌ಫೋಲಿಯೋ ಎಂದು ಹಾಕಿಕೊಂಡರೆ ಉಸಿರು ಬಿಡಲು ಜಾಗವಿರುತ್ತದೆ.

ಪ್ರತಿ ಕಾಲೇಜಿನಲ್ಲೂ ವಿಎಗೆ ದಾಖಲಾತಿ ವರದಿ ಮಾಡುವ ಒಬ್ಬ ಸರ್ಟಿಫೈಯಿಂಗ್ ಅಧಿಕಾರಿ ಇರುತ್ತಾರೆ. ಅವರು ವರದಿ ಮಾಡದೆ ಬಿಡಿಗಾಸೂ ಬರುವುದಿಲ್ಲ. ಪದವಿಗೆ ಬೇಡದ ತರಗತಿಯನ್ನು ಅವರು ವರದಿ ಮಾಡುವಂತಿಲ್ಲ. ನಾಟಕ ವಿದ್ಯಾರ್ಥಿ ಆಸೆಗೆಂದು ಸೆರಾಮಿಕ್ಸ್ ತೆಗೆದುಕೊಂಡರೆ, ಐಚ್ಛಿಕ ಕ್ರೆಡಿಟ್‌ಗಳ ಕೋಟಾದಲ್ಲಿ ಜಾಗವಿದ್ದರಷ್ಟೇ ಹಣ.

ಭತ್ಯೆ ತಿಂಗಳು ಮುಗಿದ ಮೇಲೆ ಬರುತ್ತದೆ, ತರಗತಿ ಇರುವ ದಿನಗಳಿಗೆ ಮಾತ್ರ. ಆಗಸ್ಟ್ ಕೊನೆಗೆ ತರಗತಿ ಶುರುವಾದರೆ ಸೆಪ್ಟೆಂಬರ್ ಮೊದಲಿಗೆ ಬರುವುದು ಒಂದು ವಾರದ ಭತ್ಯೆ. ಡಿಸೆಂಬರ್-ಜನವರಿಯ ರಜೆಗೆ ಏನೂ ಇಲ್ಲ. ಎರಡು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿಟ್ಟುಕೊಂಡೇ ಸೇರಿ. ಪ್ರತಿ ತಿಂಗಳು ‘ಇನ್ನೂ ಓದುತ್ತಿದ್ದೇನೆ’ ಎಂದು ಮೊಬೈಲ್ ಸಂದೇಶದಲ್ಲೋ ಆನ್‌ಲೈನ್‌ನಲ್ಲೋ ದೃಢಪಡಿಸಬೇಕು. ಸತತ ಎರಡು ತಿಂಗಳು ಮರೆತರೆ ಭತ್ಯೆ ನಿಲ್ಲುತ್ತದೆ.

ನಡುವೆ ತರಗತಿ ಬಿಟ್ಟರೆ, ತಕ್ಕ ಕಾರಣ ತೋರಿಸದಿದ್ದಾಗ, ಮೊದಲ ದಿನದಿಂದ ಕೊಟ್ಟ ಹಣವನ್ನು ವಿಎ ಸಾಲವೆಂದು ಬರೆದುಕೊಳ್ಳುತ್ತದೆ. ಅನಾರೋಗ್ಯ, ಮನೆಯಲ್ಲಿ ಸಾವು, ಕೆಲಸದ ಅನಿವಾರ್ಯ ವರ್ಗಾವಣೆ ಇಂಥವಕ್ಕೆ ದಾಖಲೆ ಕೊಟ್ಟರೆ ಕೇಳುತ್ತಾರೆ. ಮೊದಲ ಬಾರಿ ಬಿಟ್ಟಾಗ ಆರು ಕ್ರೆಡಿಟ್‌ವರೆಗೆ ಕಾರಣ ಕೇಳದೆ ಮನ್ನಿಸುವ ಅವಕಾಶ ಜೀವಮಾನಕ್ಕೊಮ್ಮೆ ಇದೆ. ನಾಟಕ ಪ್ರವಾಸಕ್ಕೋ ಚಳವಳಿಯ ಕೆಲಸಕ್ಕೋ ಕರೆ ಬಂದಾಗ ಸೆಮಿಸ್ಟರ್ ನಡುವೆ ಎದ್ದು ಹೋಗಬೇಡಿ. ಮುಂದಿನ ಸೆಮಿಸ್ಟರ್‌ಗೆ ದಾಖಲಾಗದೆ ಹೋದರೆ ತಿಂಗಳುಗಳು ಹಾಗೇ ಉಳಿಯುತ್ತವೆ.

ಹೋರಾಟದ ಕಡೆಗೆ

ಸಂಘಟನೆಯ ಕೆಲಸಕ್ಕೆ ನೇರವಾಗಿ ಒಯ್ಯುವ ಪದವಿಗಳಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಮುಖ್ಯವಾದದ್ದು. ಅದರಲ್ಲಿ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ, ಹೆಚ್ಚಿನ ಕಡೆ ಸಂಬಳವಿಲ್ಲ. ಬೇರೆ ವಿದ್ಯಾರ್ಥಿಗಳು ಆ ಗಂಟೆಗಳಿಗಾಗಿ ಸಾಲ ಮಾಡುತ್ತಾರೆ, ನಿಮಗೆ ವಸತಿ ಭತ್ಯೆ ಇರುತ್ತದೆ. ವಸತಿ ಹಕ್ಕು, ವಲಸಿಗರ ನೆರವು, ಮಾಜಿ ಯೋಧರ ಮಾನಸಿಕ ಆರೋಗ್ಯ, ಹೀಗೆ ಮುಂದೆ ಕೆಲಸ ಮಾಡಬೇಕೆಂದಿರುವ ಕಡೆಯೇ ಕ್ಷೇತ್ರಕಾರ್ಯ ಕೇಳಿ ಪಡೆಯಿರಿ. ಕಾನೂನು ಪದವಿಗೆ ಮೂರು ಶೈಕ್ಷಣಿಕ ವರ್ಷ, ಅಂದರೆ ಸುಮಾರು 27 ತಿಂಗಳು ಬೇಕು. ಆ ಗುರಿಯಿದ್ದರೆ ಪದವಿಯಲ್ಲಿ 9 ತಿಂಗಳಿಗಿಂತ ಹೆಚ್ಚು ಕಳೆಯಬೇಡಿ.

ಸಮವಸ್ತ್ರದ ವಿಷಯದಲ್ಲಿ ಎಚ್ಚರ ಬೇಕು. ರಾಜಕೀಯ ಪ್ರದರ್ಶನಗಳಲ್ಲಿ ಅದನ್ನು ತೊಡುವುದನ್ನು ರಕ್ಷಣಾ ಇಲಾಖೆಯ ನಿಯಮ ನಿಷೇಧಿಸುತ್ತದೆ. ಮೀಸಲು ಪಡೆಯಲ್ಲಿರುವವರಿಗೆ ಇದು ನೇರವಾಗಿ ತಾಗುತ್ತದೆ. ರಂಗದ ಮೇಲೆ ನಟರು ತೊಡಲು ಮಾತ್ರ ಕಾನೂನಿನಲ್ಲೇ ಅನುಮತಿಯಿದೆ. ‘ಸೇನೆಗೆ ಕಳಂಕ ತರದಿದ್ದರೆ’ ಎಂಬ ಷರತ್ತು ಅದಕ್ಕೆ ಅಂಟಿಕೊಂಡಿತ್ತು. ಹ್ಯೂಸ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿ ಪ್ರಹಸನ ಆಡಿ ಶಿಕ್ಷೆಗೊಳಗಾದ ಡೇನಿಯಲ್ ಶಾಕ್ಟ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲಿ ಆ ಷರತ್ತನ್ನು ಕಿತ್ತುಹಾಕಿತು. ಬೀದಿ ನಾಟಕ ಕಟ್ಟುವವರು ಇದನ್ನು ತಿಳಿದಿರಬೇಕು.

ಸಮವಸ್ತ್ರವನ್ನೇ ಕಲೆಯಾಗಿಸಿದವರೂ ಇದ್ದಾರೆ. 2007ರಲ್ಲಿ ವರ್ಮಾಂಟ್‌ನಲ್ಲಿ ಶುರುವಾದ ಕಾಂಬ್ಯಾಟ್ ಪೇಪರ್ ಯೋಜನೆಯಲ್ಲಿ ಯೋಧರು ತಮ್ಮ ಹತ್ತಿಯ ಸಮವಸ್ತ್ರವನ್ನು ಅಂಚೆಚೀಟಿಯಷ್ಟು ಚೂರು ಮಾಡಿ, ನೀರಿನೊಂದಿಗೆ ಕಾಗದದ ತಿರುಳು ಅರೆಯುವ ಯಂತ್ರವಾದ ಹಾಲೆಂಡರ್ ಬೀಟರ್‌ನಲ್ಲಿ ಅರೆದು ತಿರುಳು ಮಾಡಿ, ಚೌಕಟ್ಟಿನ ಜರಡಿಯಲ್ಲಿ ಎತ್ತಿ ಕಾಗದ ಮಾಡುತ್ತಾರೆ. ಅದರ ಮೇಲೆ ಬರೆಯುತ್ತಾರೆ, ಮುದ್ರಿಸುತ್ತಾರೆ. ಕಲಾಶಾಲೆಯ ಪೋರ್ಟ್‌ಫೋಲಿಯೋಕ್ಕೆ ಏನು ಮಾಡಲಿ ಎಂದು ಕೇಳುವವರು ಇಂಥ ಕಾರ್ಯಾಗಾರ ಹತ್ತಿರದಲ್ಲಿ ನಡೆದರೆ ಹೋಗಿ ಕೈ ಒದ್ದೆ ಮಾಡಿಕೊಳ್ಳಿ.

ಓದುವಾಗಲೇ ಸಂಸ್ಥೆ ಕಟ್ಟುವ ಹುಮ್ಮಸ್ಸಿದ್ದರೆ, ತೆರಿಗೆ ವಿನಾಯಿತಿಯ 501(ಸಿ)(3) ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ ಎಂಬುದು ನೆನಪಿರಲಿ. ಮುಕ್ಕಾಲು ಅವಧಿಗಿಂತ ಕಡಿಮೆಯಿಲ್ಲದಂತೆ ಓದುವವರಿಗೆ ವಿಎ ವರ್ಕ್-ಸ್ಟಡಿ ಕೆಲಸವೂ ಇದೆ. ಸಂಬಳ ಕನಿಷ್ಠ ವೇತನದಷ್ಟು, ತೆರಿಗೆಯಿಲ್ಲ. ಕ್ಯಾಂಪಸ್ಸಿನ ಯೋಧರ ಕಚೇರಿಯಲ್ಲಿ ಕೂತರೆ ಬೇರೆಯವರ ಅರ್ಜಿಗಳು ಎಲ್ಲಿ ಮುಗ್ಗರಿಸುತ್ತವೆ ಎಂಬುದು ಕಣ್ಣಾರೆ ಕಾಣುತ್ತದೆ.

ಕೊನೆಯ ಸೆಮಿಸ್ಟರ್ ಬಗ್ಗೆ ಇನ್ನೊಂದು ಮಾತು. ಸೆಮಿಸ್ಟರ್ ನಡುವೆ 36 ತಿಂಗಳು ಮುಗಿದರೆ, ಸೆಮಿಸ್ಟರ್ ಪದ್ಧತಿಯ ಕಾಲೇಜುಗಳಲ್ಲಿ ವಿಎ ಅದನ್ನು ಆ ಸೆಮಿಸ್ಟರ್‌ನ ಕೊನೆಯವರೆಗೆ ವಿಸ್ತರಿಸುತ್ತದೆ. ಎರಡು ಯೋಜನೆ ಸೇರಿಸಿ 48 ತಿಂಗಳು ಮುಟ್ಟಿದವರಿಗೆ ಇದು ಅನ್ವಯಿಸದು. ಉಳಿದವರು ಖಾತೆಯಲ್ಲಿ ಮಿಕ್ಕ ದಿನಗಳನ್ನು ಎಣಿಸಿ. ಪದವಿ ಪ್ರದರ್ಶನವಿರುವ ಸೆಮಿಸ್ಟರ್‌ನ ಮೊದಲ ದಿನ ಖಾತೆಯಲ್ಲಿ ಒಂದು ದಿನವಾದರೂ ಉಳಿದಿರುವಂತೆ ನೋಡಿಕೊಂಡರೆ ಆ ಸೆಮಿಸ್ಟರ್ ಪೂರ್ತಿ ನಿಮ್ಮದು.